ವರಟೆಯ ಗೃಹಸ್ಥಾಶ್ರಮ

ಹಂಸಕ್ಕೆ ಕವಿಗಳಿದ್ದಾರೆ, ಚಕ್ರವಾಕಕ್ಕೆ ವಿರಹವಿದೆ, ಚಾತಕಕ್ಕೆ ಮೇಘವುಂಟು, ಚಕೋರಕ್ಕೆ ಚಂದ್ರನುಂಟು. ನಮ್ಮ ನಾಡಿನ ಕೆರೆಗಳಲ್ಲಿ ವರ್ಷದ ಹನ್ನೆರಡು ತಿಂಗಳೂ ಬಾಳುವೆ ನಡೆಸುವ ವರಟೆಗೆ ಮಾತ್ರ ಯಾರೂ ಇಲ್ಲ. ಅದು ಬಂದಿತೆಂದು ಯಾರೂ ಸಂಭ್ರಮಿಸುವುದಿಲ್ಲ, ಏಕೆಂದರೆ ಅದು ಹೋಗಿರುವುದೇ ಇಲ್ಲ. ಮನೆಯಲ್ಲಿಯೇ ಇರುವ ಮಗನಿಗಿಂತ ಊರಿಂದ ಬರುವ ಅಳಿಯನಿಗೆ ಹೆಚ್ಚು ಉಪಚಾರವಾಗುವುದು ಲೋಕರೂಢಿ. ಈ ರೂಢಿ ಪಕ್ಷಿಗಳ ವಿಷಯದಲ್ಲಿಯೂ ತಪ್ಪಿದ್ದಲ್ಲವೆಂದು ತೋರುತ್ತದೆ.

ಆದರೆ ಹೆಸರಿನ ಮಟ್ಟಿಗೆ ನೋಡಿದರೆ ವರಟೆಯು ಕುಲೀನವಾದ ಹಕ್ಕಿಯೇ ಸರಿ. ಅಮರಕೋಶವನ್ನು ಬಾಲ್ಯದಲ್ಲಿ ಉರುಹೊಡೆದವರಿಗೆ ಸಿಂಹಾದಿವರ್ಗದ ನೆನಪಿರಬಹುದು. ಅಲ್ಲಿ ಹಂಸದ ಹೆಣ್ಣಿಗೆ ‘ವರಟಾ’ ಎಂದು ಹೆಸರು. ನಮ್ಮ ಜನರ ಬಾಯಲ್ಲಿರುವ ‘ವರಟೆ’ ಎಂಬ ಮಾತು ಆ ಶಬ್ದಕ್ಕೆ ಬಂಧುವೆಂದೇ ನನ್ನ ಎಣಿಕೆ. ಶ್ರೀಹರ್ಷನ ನೈಷಧೀಯಚರಿತದಲ್ಲಿ ನಳನ ಕೈಗೆ ಸಿಕ್ಕಿದ ಹಂಸವು ಪ್ರಲಾಪಿಸುವಾಗ ತನ್ನ ಮುದಿತಾಯಿಯನ್ನೂ ಈಗತಾನೆ ಹೆತ್ತಿರುವ ವರಟೆಯನ್ನೂ ನೆನೆಯುವುದು. ಅವರಿಬ್ಬರಿಗೂ ನಾನೊಬ್ಬನೇ ಗತಿ ಎಂದು ಆ ಹಕ್ಕಿ ಹೇಳಿಕೊಂಡಾಗ ರಾಜನ ಮನಸ್ಸು ಕರಗಿ ಅದನ್ನು ಬಿಟ್ಟುಬಿಡುತ್ತಾನೆ. ಆ ಪ್ರಸಂಗವನ್ನು ಮೂವತ್ತು ವರ್ಷ ಪಾಠ ಹೇಳಿದವನು ನಾನು. ಪ್ರತಿ ವರ್ಷವೂ ಆ ಭಾಗ ಬಂದಾಗ ತರಗತಿ ಒಂದು ಕ್ಷಣ ನಿಶ್ಶಬ್ದವಾಗುತ್ತಿತ್ತು. ರಾಜನ ಔದಾರ್ಯಕ್ಕಿಂತ, ಹಕ್ಕಿಗೂ ಒಂದು ಸಂಸಾರವಿದೆ ಎಂಬ ಮಾತೇ ಹುಡುಗರ ಮನಸ್ಸಿಗೆ ತಾಕುತ್ತಿತ್ತು.

ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದ ಮೇಲೆ ಬೆಳಗ್ಗೆ ಸಂಜೆ ಕೆರೆಯ ಏರಿಯ ಮೇಲೆ ನಡೆಯುವುದು ನನ್ನ ನಿತ್ಯಕರ್ಮಗಳಲ್ಲಿ ಒಂದಾಗಿದೆ. ಹೀಗೆ ನಡೆಯುವಾಗ ಕಂಡದ್ದನ್ನೂ, ಬಲ್ಲವರ ಪುಸ್ತಕಗಳಿಂದ ತಿಳಿದದ್ದನ್ನೂ ಕೂಡಿಸಿ ಈ ಹಕ್ಕಿಯ ಸಂಸಾರವನ್ನು ವಾಚಕರ ಮುಂದಿಡುತ್ತೇನೆ.

ವರಟೆಯು ಕಾಡುಬಾತುಗಳಲ್ಲಿ ದೊಡ್ಡ ಜಾತಿಯದು. ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೆ ಸುಮಾರು ಎರಡಡಿ. ತೂಕ ಮುಕ್ಕಾಲು ಕಿಲೋಗ್ರಾಮಿನಿಂದ ಒಂದೂವರೆ ಕಿಲೋಗ್ರಾಮಿನವರೆಗೆ. ಮೈಯ ಗರಿಗಳೆಲ್ಲ ಕಂದು. ಒಂದೊಂದು ಗರಿಗೂ ತಿಳಿಬಣ್ಣದ ಅಂಚು ಇರುವುದರಿಂದ ಮೀನಿನ ಹುರುಪೆಗಳನ್ನು ಜೋಡಿಸಿದಂತೆ ಕಾಣುವುದು. ಕಣ್ಣಿನ ಮೇಲೆ ಹಾದುಹೋಗುವ ಒಂದು ಕರಿಯ ಗೆರೆ, ಕಾಲು ಹವಳದ ಕೆಂಪು. ಕೊಕ್ಕು ಕರಿದು, ಅದರ ತುದಿ ಅರಿಸಿನದಲ್ಲಿ ಅದ್ದಿ ತೆಗೆದಂತೆ ಹಳದಿ. ಕೊಕ್ಕು ಹಣೆಯನ್ನು ಕೂಡುವಲ್ಲಿ ಎರಡು ಕಡೆಯೂ ಕುಂಕುಮವಿಟ್ಟಂತೆ ಕೆಂಪು ಚುಕ್ಕೆಗಳು. ೧೭೮೧ರಲ್ಲಿ ಫಾರ್ಸ್ಟರ್ ಎಂಬ ಜರ್ಮನ್ ಪಂಡಿತನು ಇದಕ್ಕೆ ‘ಅನಾಸ್ ಪೀಸಿಲೋರಿಂಕ’ ಎಂದು ಶಾಸ್ತ್ರೀಯ ನಾಮವನ್ನಿಟ್ಟನು. ಮೊದಲನೆಯ ಪದ ಲ್ಯಾಟಿನ್ ಭಾಷೆಯಲ್ಲಿ ಬಾತಿಗೆ ಹೆಸರು. ಎರಡನೆಯದು ಗ್ರೀಕ್ ಮಾತುಗಳಿಂದಾದ ಸಮಾಸ. ಬಣ್ಣಬಣ್ಣದ ಕೊಕ್ಕುಳ್ಳದ್ದು ಎಂದು ಅದರ ಅರ್ಥ. ನಮ್ಮವರು ಹೇಳುವುದಾದರೆ ‘ಚಿತ್ರಚಂಚು’ ಎನ್ನಬಹುದು, ಸುಲಭವಾದ ಬಹುವ್ರೀಹಿ.

ಬಾತುಗಳಲ್ಲಿ ಅನೇಕ ಜಾತಿಗಳ ಗಂಡು ಮದುವಣಿಗನಂತೆ ಅಲಂಕಾರ ಮಾಡಿಕೊಂಡಿರುವುದು, ಹೆಣ್ಣು ಮಣ್ಣಿನ ಬಣ್ಣದ ಸಾದಾ ಉಡುಪಿನಲ್ಲಿರುವುದು. ವರಟೆಗಳಲ್ಲಿ ಈ ಭೇದವಿಲ್ಲ. ಗಂಡಹೆಂಡಿರಿಬ್ಬರೂ ಒಂದೇ ಥಾನಿನ ಬಟ್ಟೆಯನ್ನು ಹರಿದು ಹೊಲಿಸಿಕೊಂಡವರಂತೆ ಇರುತ್ತಾರೆ. ಗಂಡಿನ ಕೆಂಪು ಚುಕ್ಕೆ ಎದ್ದು ಕಾಣುವುದು, ಹೆಣ್ಣಿನದು ಮಂಕಾಗಿರುವುದು ಅಥವಾ ಇಲ್ಲದೆಯೇ ಇರುವುದು. ಧ್ವನಿಯಲ್ಲಿ ಮಾತ್ರ ಅಂತರ ಹೆಚ್ಚು. ‘ಕ್ವಾಕ್, ಕ್ವಾಕ್’ ಎಂದು ಕೆರೆಯೆಲ್ಲ ಕೇಳುವಂತೆ ಗಟ್ಟಿಯಾಗಿ ಕೂಗಿ, ಬರಬರುತ್ತ ಸ್ವರವನ್ನು ಇಳಿಸುವುದು ಹೆಣ್ಣು. ಗಂಡಿನದು ನೆಗಡಿಯಾದವನ ಪಿಸುಮಾತಿನಂತಹ ಒರಟು ಸಣ್ಣದನಿ. ಗೃಹಸ್ಥರಾದ ವಾಚಕರು ಇದನ್ನು ಓದಿ ನಕ್ಕರೆ ಹೊಣೆ ನನ್ನದಲ್ಲ. ಇದು ಸೃಷ್ಟಿಯ ಏರ್ಪಾಡು.

ಇದರ ಆಹಾರಕ್ರಮವನ್ನು ನೋಡಬೇಕು. ನೀರುಬಾತುಗಳಲ್ಲಿ ಮುಳುಗಿ ತಿನ್ನುವ ಕುಲವೊಂದು, ಮುಳುಗದೆ ತಿನ್ನುವ ಕುಲವೊಂದು. ವರಟೆ ಎರಡನೆಯದು. ಮುಳುಗುವ ಬಾತುಗಳಿಗೆ ಕಾಲುಗಳು ಹಿಂದಕ್ಕೆ ಸರಿದಿರುವುವು. ಅದರಿಂದ ಈಜು ಚುರುಕು, ನೆಲದ ಮೇಲೆ ನಡಿಗೆ ಕಷ್ಟ. ಹಾರಬೇಕಾದರೆ ನೀರಿನ ಮೇಲೆ ಬಹುದೂರ ಓಡಬೇಕು. ವರಟೆಗೆ ಕಾಲುಗಳು ಮೈಯ ನಡುಭಾಗದಲ್ಲಿರುವುದರಿಂದ ಗದ್ದೆಯ ಬದುವಿನ ಮೇಲೆ ಸಲೀಸಾಗಿ ನಡೆಯಬಲ್ಲುದು. ಬೆದರಿದಾಗ ನಿಂತಲ್ಲಿಂದಲೇ ಚಿಮ್ಮಿ ನೆಟ್ಟಗೆ ಮೇಲಕ್ಕೇಳಬಲ್ಲುದು. ತಿನ್ನುವಾಗ ಅದು ಕೊಕ್ಕನ್ನು ನೀರಿನ ಮೇಲ್ಮೈಯಲ್ಲಿ ಆಡಿಸುತ್ತ ಸಾಗುವುದು, ಇಲ್ಲವೆ ತಲೆ ಕತ್ತುಗಳನ್ನು ಕೆಳಗೆ ಬಿಟ್ಟು, ಬಾಲವನ್ನು ಆಕಾಶಕ್ಕೆತ್ತಿ, ಮೈಯನ್ನು ತಲೆಕೆಳಗಾಗಿ ನಿಲ್ಲಿಸಿ ತಳದ ಕೆಸರನ್ನು ತಡಕುವುದು. ಸಂಜೆಯ ಬೆಳಕಿನಲ್ಲಿ ಹತ್ತು ಹದಿನೈದು ವರಟೆಗಳು ಒಟ್ಟಿಗೆ ಹೀಗೆ ಶೀರ್ಷಾಸನ ಹಾಕಿರುವುದನ್ನು ಕಂಡರೆ ಎಂತಹ ಗಂಭೀರ ಮನುಷ್ಯನಿಗೂ ನಗು ಬಂದೀತು.

ಆ ಕೊಕ್ಕಿನ ರಚನೆ ವಿಚಿತ್ರವಾದದ್ದು. ಚಪ್ಪಟೆಯಾದ ಕೊಕ್ಕಿನ ಒಳಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂತೆ ಸಣ್ಣ ಸಣ್ಣ ಪದರಗಳಿವೆ. ನೀರು ಕೆಸರುಗಳನ್ನು ಒಟ್ಟಿಗೆ ಬಾಯಿಗೆ ತುಂಬಿಕೊಂಡು, ನಾಲಗೆಯಿಂದ ಒತ್ತಿ ನೀರನ್ನು ಪಕ್ಕಗಳಿಂದ ಹೊರಕ್ಕೆ ತಳ್ಳಿದರೆ, ಕಾಳು, ಹುಳು, ಸಣ್ಣ ಬಸವನಹುಳು ಒಳಗೆ ನಿಲ್ಲುವುವು. ಹಂಸಕ್ಕೆ ನೀರನ್ನೂ ಹಾಲನ್ನೂ ಬೇರ್ಪಡಿಸುವ ಶಕ್ತಿಯಿದೆಯೆಂದು ಕವಿಗಳು ಹೇಳಿದರು. ಅದನ್ನು ಯಾರೂ ಕಂಡದ್ದಿಲ್ಲ. ವರಟೆಯು ಕೆಸರನ್ನೂ ಕಾಳನ್ನೂ ಬೇರ್ಪಡಿಸುವುದನ್ನು ಏರಿಯ ಮೇಲೆ ನಿಂತು ಯಾರು ಬೇಕಾದರೂ ನೋಡಬಹುದು. ಲೋಕದಲ್ಲಿ ನಮಗೆ ದೊರೆಯುವುದು ಹೆಚ್ಚಾಗಿ ಕೆಸರು, ಹಾಲು ಅಪರೂಪ. ಆದಕಾರಣ ಸಂಸಾರಿಗಳಿಗೆ ಹಂಸದ ವಿವೇಕಕ್ಕಿಂತ ವರಟೆಯ ವಿವೇಕವೇ ಹೆಚ್ಚು ಉಪಯುಕ್ತವಾದದ್ದು.

ಹುಲ್ಲಿನ ಬೀಜ, ಜೇಕಿನ ಗಡ್ಡೆ, ನೀರುಗಿಡಗಳ ಎಳೆಯ ಕುಡಿ ಇವೇ ಇದರ ಮುಖ್ಯ ಆಹಾರ. ರಾತ್ರಿಯ ವೇಳೆ ಬತ್ತದ ಗದ್ದೆಗಿಳಿದು ಪೈರನ್ನು ತುಳಿಯುವುದೂ ಉಂಟು. ರೈತರ ದೂರು ಸುಳ್ಳಲ್ಲ. ಆದರೆ ಕಳೆಯ ಬೀಜಗಳನ್ನೂ ಹುಳುಗಳನ್ನೂ ತಿಂದ ಲೆಕ್ಕವನ್ನು ಇನ್ನೊಂದು ಪುಟದಲ್ಲಿ ಬರೆದುಕೊಳ್ಳುವುದು ನ್ಯಾಯ.

ಕಾರ್ತಿಕ ಮಾಸ ಕಳೆದು ಚಳಿ ಹಿಡಿಯುತ್ತಲೂ ನಮ್ಮ ಕೆರೆಗಳಿಗೆ ನೆಂಟರು ಬರುವರು. ಸೂಜಿಬಾಲದ ಬಾತು, ಚಲುಕದಂತಹ ಕೊಕ್ಕಿನ ಬಾತು, ಬಿಳಿಹುಬ್ಬಿನ ಸಣ್ಣ ಬಾತು ಇವೆಲ್ಲ ಹಿಮಾಲಯದಾಚೆಯ ಉತ್ತರ ದೇಶಗಳಿಂದ ಹಾರಿಬಂದು, ಬೇಸಗೆ ಹತ್ತಿರವಾದಂತೆ ಹಿಂದಿರುಗುವುವು. ವರಟೆ ಎಲ್ಲಿಗೂ ಹೋಗುವುದಿಲ್ಲ. ಒಂದು ಕೆರೆ ಬತ್ತಿದರೆ ನೆರೆಯ ಕೆರೆಗೆ, ಅದೂ ಬತ್ತಿದರೆ ಹೊಳೆಯ ಮಡುವಿಗೆ ಹೋಗಿ, ಮಳೆಯಾದೊಡನೆ ಮರಳಿ ಬರುವುದು. ಅದರ ತೀರ್ಥಯಾತ್ರೆ ಅಷ್ಟೇ. ಭರತಖಂಡ, ಸಿಂಹಳ, ಬರ್ಮಾ ಮುಂತಾದ ದೇಶಗಳು ಇದರ ಮನೆ. ಚೀನ ಜಪಾನುಗಳಲ್ಲಿರುವ ಇದರ ದಾಯಾದಿಯನ್ನು ಹಿಂದೆ ಇದೇ ಜಾತಿಯೆಂದು ಎಣಿಸುತ್ತಿದ್ದರು; ಈಗ ಬೇರೆ ಜಾತಿಯೆಂದು ವಿಂಗಡಿಸಿದ್ದಾರೆ.

ಸಂತಾನಕ್ಕೆ ವರಟೆ ಪಂಚಾಂಗವನ್ನು ನೋಡುವುದಿಲ್ಲ, ಮಳೆಯನ್ನು ನೋಡುವುದು. ಉತ್ತರ ದೇಶದಲ್ಲಿ ಮುಂಗಾರಿನ ನೀರು ನಿಂತೊಡನೆ ಗೂಡು ಕಟ್ಟಿದರೆ, ನಮ್ಮ ಕಡೆ ಹಿಂಗಾರಿನಿಂದ ಕೆರೆ ತುಂಬಿದ ಮೇಲೆ, ಹೆಚ್ಚಾಗಿ ನವೆಂಬರು ಡಿಸೆಂಬರುಗಳಲ್ಲಿ, ಮೊಟ್ಟೆಯಿಡುವುದು. ಗೂಡೆಂದರೆ ಮರದ ಮೇಲಣ ಸೌಧವಲ್ಲ. ನೀರಿನ ಸಮೀಪದಲ್ಲಿ, ಜೊಂಡಿನ ಮರೆಯಲ್ಲಿಯೋ ಎತ್ತರವಾದ ಹುಲ್ಲಿನ ನಡುವೆಯೋ ನೆಲದಲ್ಲಿ ಒಂದು ತಗ್ಗು. ಅದಕ್ಕೆ ಒಣಹುಲ್ಲಿನ ಹಾಸು. ಅದರ ಮೇಲೆ ತಾಯಿಯು ತನ್ನ ಎದೆಯಿಂದಲೇ ಕಿತ್ತು ಹಾಸಿದ ಮೃದುವಾದ ತುಪ್ಪುಳು. ಬೂದುಬಿಳುಪಿನ ಮೊಟ್ಟೆಗಳು ಎಂಟರಿಂದ ಹದಿನಾಲ್ಕರವರೆಗೆ ಇರುವುವು.

ಇಲ್ಲಿ ತಾಯಿಯ ಒಂದು ಲೆಕ್ಕಾಚಾರವನ್ನು ಗಮನಿಸಬೇಕು. ಮೊಟ್ಟೆಗಳನ್ನು ಒಂದೇ ದಿನ ಇಡುವುದಿಲ್ಲ. ಮೊದಲನೆಯದನ್ನು ಇಟ್ಟೊಡನೆ ಕಾವು ಕೊಡಲಾರಂಭಿಸಿದರೆ ಹಿರಿಯ ಮರಿಗೂ ಕಿರಿಯ ಮರಿಗೂ ಒಂದೆರಡು ವಾರಗಳ ಅಂತರವಾಗಿ, ಹಿರಿಯದು ನೀರಿಗಿಳಿಯಲು ಆತುರಪಡುವಾಗ ಕಿರಿಯದು ಇನ್ನೂ ಚಿಪ್ಪಿನೊಳಗೆ ಇರುತ್ತಿತ್ತು. ಆದಕಾರಣ ಕೊನೆಯ ಮೊಟ್ಟೆಯನ್ನಿಟ್ಟ ಮೇಲೆಯೇ ವರಟೆಯು ಕಾವಿಗೆ ಕೂರುವುದು. ಸುಮಾರು ಇಪ್ಪತ್ತುನಾಲ್ಕು ದಿನಗಳಾದ ಮೇಲೆ ಮರಿಗಳೆಲ್ಲ ಹೆಚ್ಚು ಕಡಿಮೆ ಒಟ್ಟಿಗೆ ಹೊರಬರುವುವು. ಹತ್ತು ಮಕ್ಕಳ ಮನೆಯಲ್ಲಿ ಎಲ್ಲರಿಗೂ ಒಂದೇ ದಿನ ಅಕ್ಷರಾಭ್ಯಾಸ ಮಾಡಿಸಿದಂತೆ.

ಕಾವು ಕೂರುವುದು ಹೆಣ್ಣಿನ ಕೆಲಸ. ತುಂಬಿದ ಬಸುರಿಯ ಹಾಗೆ ಅದು ಮೈಯನ್ನು ನೆಲಕ್ಕೆ ಅಂಟಿಸಿ ಕುಳಿತಿದ್ದರೆ ಹತ್ತು ಮಾರು ದೂರದಿಂದ ಒಣಹುಲ್ಲಿನ ಗುಡ್ಡೆಯೆಂದೇ ಕಾಣುವುದು. ಆಹಾರಕ್ಕಾಗಿ ಏಳಬೇಕಾದಾಗ ಮೊಟ್ಟೆಗಳ ಮೇಲೆ ತುಪ್ಪುಳನ್ನೆಳೆದು ಮುಚ್ಚಿ ಹೋಗುವುದು. ಗಂಡು ಕಾವು ಕೊಡುವುದಿಲ್ಲ. ನಮ್ಮ ಕೆರೆಯ ಜೋಡಿಯಲ್ಲಿ ಅದು ಕೋಡಿಯ ಹತ್ತಿರ ನೀರಿನಲ್ಲಿ ತೇಲುತ್ತ ಬಹುಕಾಲ ಕಾದಿರುವುದನ್ನು ಕಂಡಿದ್ದೇನೆ. ಹೆರಿಗೆಯ ಮನೆಯ ಜಗಲಿಯ ಮೇಲೆ ಮಾಡಲು ಕೆಲಸವಿಲ್ಲದೆ, ಎದ್ದುಹೋಗಲು ಮನಸ್ಸೂ ಇಲ್ಲದೆ ಕುಳಿತಿರುವ ಗಂಡಸರನ್ನು ನಾವು ನೋಡಿದ್ದೇವಷ್ಟೆ.

ಮರಿಗಳ ಮೈಮೇಲೆ ಕಪ್ಪು ಹಳದಿಗಳ ತುಪ್ಪುಳು. ಕೋಗಿಲೆಯ ಮರಿಯಂತೆ ಪರರ ಅನ್ನವನ್ನು ಕಾದು ಬಾಯಿ ತೆರೆಯುವುದಾಗಲಿ, ಗುಬ್ಬಚ್ಚಿಯ ಮರಿಯಂತೆ ಕಣ್ಣು ಬಿಡದೆ ಬಿದ್ದಿರುವುದಾಗಲಿ ಇವುಗಳ ಕುಲಧರ್ಮವಲ್ಲ. ಮೈ ಆರಿದೊಡನೆ ತಾಯಿಯ ಹಿಂದೆ ಸಾಲಾಗಿ ನಡೆದು ನೀರಿಗಿಳಿದು ತಾವೇ ತಿನ್ನಲು ತೊಡಗುವುವು. ತಾಯಿ ತುತ್ತಿಡುವುದಿಲ್ಲ, ತಿನ್ನಲು ಇರುವ ಜಾಗಕ್ಕೆ ಕರೆದುಕೊಂಡು ಹೋಗುವುದು. ಮೊಟ್ಟೆಯೊಡೆದು ಬಂದ ಮೊದಲ ಗಂಟೆಗಳಲ್ಲಿ ಚಲಿಸುವ ಯಾವುದನ್ನು ಕಾಣುವುವೋ ಅದನ್ನೇ ತಾಯಿಯೆಂದು ನಂಬಿ ಅನುಸರಿಸುವುದು ಬಾತುಕೋಳಿ, ಹೆಬ್ಬಾತುಗಳ ಮರಿಗಳ ಸ್ವಭಾವ. ಕೊನ್ರಾಡ್ ಲೊರೆಂಟ್ಸ್ ಎಂಬ ಆಸ್ಟ್ರಿಯಾ ದೇಶದ ವಿದ್ವಾಂಸನು ೧೯೩೫ರಲ್ಲಿ ಇದನ್ನು ವಿಸ್ತಾರವಾಗಿ ವಿವೇಚಿಸಿದನು. ಹೆಬ್ಬಾತಿನ ಮರಿಗಳು ಅವನನ್ನೇ ತಾಯಿಯೆಂದು ನಂಬಿ ಹಿಂದೆ ಹಿಂದೆ ತಿರುಗಿದುವು. ೧೯೭೩ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಉಪಾಧ್ಯಾಯರಿಗೆ ಇದರಲ್ಲಿ ಎಚ್ಚರಿಕೆಯೊಂದು ಅಡಗಿದೆ: ಮೊದಲು ಕಂಡವರ ಹಿಂದೆ ಮಕ್ಕಳು ಬಹುದೂರ ಹೋಗುತ್ತಾರೆ.

ಆದರೆ ಆ ಸಾಲು ದಿನದಿನಕ್ಕೆ ಮೊಟಕಾಗುವುದು. ಕಾಗೆ, ಹದ್ದು, ಮುಂಗುಸಿ, ಬೀದಿನಾಯಿ ಎಲ್ಲವೂ ಮರಿಗಳಿಗೆ ಮೃತ್ಯುವೇ. ಒಂದು ವರ್ಷ ನಮ್ಮ ಕೆರೆಯಲ್ಲಿ ಒಂಬತ್ತು ಮರಿಗಳನ್ನು ಎಣಿಸಿದೆ. ವಾರ ಕಳೆಯುವಷ್ಟರಲ್ಲಿ ಆರು, ತಿಂಗಳು ಕಳೆದಾಗ ನಾಲ್ಕು. ಹಾರಲು ಕಲಿತದ್ದು ಮೂರು. ಎಂಟು ಹತ್ತು ಮೊಟ್ಟೆಗಳನ್ನಿಡುವುದು ಏಕೆಂದು ಆಗ ಗಣಿತದಿಂದಲೇ ತಿಳಿಯಿತು. ದೊಡ್ಡವುಗಳಿಗೂ ಒಂದು ಕಷ್ಟಕಾಲವುಂಟು. ಸಂತಾನದ ಋತು ಮುಗಿದ ಮೇಲೆ ಬಾತುಗಳ ರೆಕ್ಕೆಯ ಹಾರುಗರಿಗಳು ಒಂದೊಂದಾಗಿ ಉದುರದೆ ಒಮ್ಮೆಗೇ ಉದುರುವುವು. ಹೊಸ ಗರಿ ಬೆಳೆಯುವವರೆಗೆ ಕೆಲವು ವಾರ ಹಾರುವ ಶಕ್ತಿಯಿಲ್ಲ. ಆಗ ಜೊಂಡಿನ ಮರೆಯೊಂದೇ ಗತಿ.

ಹೀಗಿರುವಾಗ ನಿದ್ರೆ ಹೇಗೆ? ಕಾಡುಬಾತುಗಳಲ್ಲಿ ವರಟೆಯ ಹತ್ತಿರದ ಬಂಧುವಾದ ಮಲ್ಲಾರ್ಡ್ ಎಂಬ ಜಾತಿಯ ಮೇಲೆ ನಡೆದ ಪರೀಕ್ಷೆಯ ವೃತ್ತಾಂತ ೧೯೯೯ರಲ್ಲಿ ಪ್ರಕಟವಾಯಿತು. ಸಾಲಾಗಿ ಮಲಗಿದ ಬಾತುಗಳಲ್ಲಿ ನಡುವಿನವು ಹೆಚ್ಚಾಗಿ ಎರಡು ಕಣ್ಣುಗಳನ್ನೂ ಮುಚ್ಚಿ ನಿದ್ರಿಸಿದುವು. ಅಂಚಿನವು ಹೊರಗಡೆಯ ಕಣ್ಣನ್ನು ತೆರೆದಿಟ್ಟುಕೊಂಡು, ಮಿದುಳಿನ ಒಂದು ಅರ್ಧ ನಿದ್ರಿಸುತ್ತಿದ್ದಂತೆ ಇನ್ನೊಂದು ಅರ್ಧದಿಂದ ಎಚ್ಚರವಾಗಿದ್ದುವು. ರೋಗಿಯಾದ ಮಗುವಿನ ಪಕ್ಕದಲ್ಲಿ ಮಲಗಿರುವ ತಾಯಂದಿರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಇಷ್ಟು ಹೇಳಿದ್ದರಿಂದ ವಾಚಕರಿಗೆ ಒಂದು ಮಾತು ಸ್ಪಷ್ಟವಾಗಿರಬಹುದು. ವರಟೆಗೆ ಬೇಕಾದದ್ದು ಆಳವಾದ ನೀರಲ್ಲ. ತಲೆಕೆಳಗಾಗಿ ನಿಂತಾಗ ಅದರ ಕೊಕ್ಕು ಮುಟ್ಟುವ ಆಳ ಒಂದಡಿ, ಹೆಚ್ಚೆಂದರೆ ಒಂದೂವರೆ ಅಡಿ. ಅದಕ್ಕೆ ಬೇಕಾದದ್ದು ಕೆರೆಯ ಹಿನ್ನೀರಿನಲ್ಲಿ ನೀರು ತೆಳ್ಳಗೆ ಹರಡಿ ಹುಲ್ಲು ಜೊಂಡುಗಳೊಡನೆ ಬೆರೆಯುವ ಅಂಗಳ. ಆಹಾರವೂ ಅಲ್ಲಿ, ಗೂಡೂ ಅಲ್ಲಿ, ಮರಿಗಳ ಮರೆಯೂ ಅಲ್ಲಿ. ಕರ್ನಾಟಕದಲ್ಲಿ ೩೬,೦೦೦ಕ್ಕೂ ಮೇಲ್ಪಟ್ಟು ಕೆರೆಗಳಿವೆಯೆಂದು ಲೆಕ್ಕ. ನಮ್ಮ ಹಿರಿಯರು ಇಳಿಜಾರಿನ ನೆಲಕ್ಕೆ ಅಡ್ಡಲಾಗಿ ಏರಿ ಹಾಕಿ ಇವುಗಳನ್ನು ಕಟ್ಟಿದ್ದರಿಂದ ಏರಿಯ ಕಡೆ ಆಳ, ಎದುರುಕಡೆ ತೆಳುನೀರು ಇರುವುದು ಇವುಗಳ ಸಹಜಲಕ್ಷಣ. ಬೇಸಗೆಯಲ್ಲಿ ರೈತರು ಗಾಡಿಗಳಲ್ಲಿ ಗೋಡುಮಣ್ಣನ್ನು ಹೊಲಕ್ಕೆ ಹೊಡೆಯುತ್ತಿದ್ದರು. ಆ ಕೆಲಸದಿಂದ ಕೆರೆಯ ಹೂಳು ಇಳಿಯುತ್ತಿತ್ತು, ಕೆರೆಯ ಆಕಾರ ಕೆಡುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮೂರ ಕೆರೆಯ ಹೂಳೆತ್ತುವ ಕೆಲಸ ಮಂಜೂರಾಯಿತು. ಊರಿಗೆಲ್ಲ ಸಂತೋಷ, ನನಗೂ ಸಂತೋಷವೇ. ಆದರೆ ಕೆಲಸದ ನಕ್ಷೆಯನ್ನು ನೋಡಿದಾಗ, ಕೆರೆಯ ಸುತ್ತಲೂ ಒಂದೇ ಸಮನಾಗಿ ಅಗೆದು, ಅಂಚನ್ನು ಗೋಡೆಯಂತೆ ನೆಟ್ಟಗೆ ಕಡಿದು, ಮೇಲೆ ನಡೆದಾಡುವ ದಾರಿ ಮಾಡುವುದೆಂದಿತ್ತು. ಕೆರೆಯು ದೊಡ್ಡದೊಂದು ತೊಟ್ಟಿಯಾಗುವುದರಲ್ಲಿತ್ತು. ದೇವಸ್ಥಾನದ ಜಗಲಿಯಲ್ಲಿ ಸೇರಿದ ಸಭೆಯಲ್ಲಿ ನಾನೆದ್ದು ಮೂಡಲ ಮೂಲೆಯ ತೆಳುನೀರನ್ನು ಹಾಗೆಯೇ ಬಿಡಬೇಕೆಂದು ಬಿನ್ನವಿಸಿದೆ. ಬೇರುಗಳು ಮಣ್ಣನ್ನು ಹಿಡಿಯುವ ಬಗೆಯನ್ನೂ, ಬಾತುಗಳ ಗೂಡಿನ ಕಾಲವನ್ನೂ ಹೇಳಿದೆ. ಕೆಲಸ ಹಿಡಿದವರಲ್ಲೊಬ್ಬರು ಮರ್ಯಾದೆಯಿಂದಲೇ ಕೇಳಿದರು: “ಮೇಷ್ಟ್ರೇ, ಕೆರೆ ಇರೋದು ಜನಕ್ಕೋ, ಬಾತುಗಳಿಗೋ?”

ಸಭೆ ನಕ್ಕಿತು. ಪ್ರಶ್ನೆ ನಗುವಂಥದಲ್ಲ. ಕುಡಿಯುವ ನೀರಿಗೂ ಅಚ್ಚುಕಟ್ಟಿಗೂ ಕೊರತೆಯಾದ ಊರಿನಲ್ಲಿ ಹಕ್ಕಿಯ ಮಾತೆತ್ತುವವನು ಅದಕ್ಕೆ ಉತ್ತರ ಹೇಳಲೇಬೇಕು. ನಾನು ಪದಗಳನ್ನು ಜೋಡಿಸಿಕೊಳ್ಳುತ್ತಿರುವಷ್ಟರಲ್ಲಿ ಹಿಂದೆ ಕುಳಿತಿದ್ದ ಎಮ್ಮೆ ಸಾಕುವ ಮುದುಕಿಯೊಬ್ಬಳು ಎದ್ದಳು. “ಬಾತು ಹಾಳಾಗಿ ಹೋಗಲಿ ಬುದ್ಧಿ, ಸುತ್ತ ಗೋಡೆ ಥರ ಕಡಿದರೆ ನನ್ನ ಎಮ್ಮೆ ನೀರಿಗೆ ಇಳಿಯೋದು ಎಲ್ಲಿ? ಇಳಿದ ಮಕ್ಕಳು ಹತ್ತೋದು ಎಲ್ಲಿ?” ಎಂದಳು. ಜಗಲಿ ಒಮ್ಮೆಲೆ ಮೌನವಾಯಿತು. ನೆಟ್ಟಗೆ ಅಗೆದ ಹೊಂಡಗಳಲ್ಲಿ ಮಕ್ಕಳು ಕಾಲುಜಾರಿದ ಸುದ್ದಿಗಳನ್ನು ಅಲ್ಲಿದ್ದವರೆಲ್ಲ ಕೇಳಿದ್ದರು. ಕೊನೆಗೆ ಏರಿಯ ಕಡೆ ಆಳ ಮಾಡುವುದೆಂದೂ, ಮೂಡಲ ಮೂಲೆಯಲ್ಲಿ ಎರಡು ಎಕರೆಯಷ್ಟು ಅಂಗಳವನ್ನು ಇಳಿಜಾರಾಗಿಯೇ ಉಳಿಸುವುದೆಂದೂ ತೀರ್ಮಾನವಾಯಿತು. ನನ್ನ ಪಾಂಡಿತ್ಯದಿಂದ ಉಳಿಯದಿದ್ದ ವರಟೆಯ ಮನೆ ಎಮ್ಮೆಯ ಪುಣ್ಯದಿಂದ ಉಳಿಯಿತು. ಉಳಿದ ಮೂರು ದಿಕ್ಕಿನ ಜೊಂಡು ಹೋಯಿತು. ಹಿಂದೆ ಮೂರು ನಾಲ್ಕು ಜೋಡಿ ಗೂಡುಮಾಡುತ್ತಿದ್ದ ಕೆರೆಯಲ್ಲಿ ಈಗ ಒಂದು ಜೋಡಿಗೆ ಸ್ಥಳವಿದೆ.

ಆ ದಿನದ ಪ್ರಶ್ನೆಯನ್ನು ಅನಂತರ ನಾನು ಬಹಳ ಸಲ ಆಲೋಚಿಸಿದ್ದೇನೆ. ಜನಕ್ಕೆಂದು ಒಂದು ಕೆರೆ, ಬಾತಿಗೆಂದು ಒಂದು ಕೆರೆ ಎಂದು ಎರಡಿಲ್ಲ. ಎಮ್ಮೆ ಇಳಿಯಲು, ಮಗು ಹತ್ತಿಬರಲು, ಮೀನು ಮರಿಮಾಡಲು, ವರಟೆ ತಡಕಲು ಬೇಕಾದದ್ದು ಒಂದೇ ಇಳಿಜಾರು. ಕೆರೆಯನ್ನು ಕಟ್ಟಿದವರಿಗೆ ಇದು ಗೊತ್ತಿದ್ದಿತು.

ದೊಡ್ಡ ತೀರ್ಥಗಳಿಗೆ ಕಾವಲಿದೆ. ಸಲೀಂ ಅಲಿಯವರ ಪ್ರೇರಣೆಯಿಂದ ಮೈಸೂರು ಸಂಸ್ಥಾನವು ೧೯೪೦ರಲ್ಲಿ ರಂಗನತಿಟ್ಟನ್ನು ಪಕ್ಷಿಧಾಮವನ್ನಾಗಿ ಮಾಡಿತು. ೨೦೨೨ರಲ್ಲಿ ಅದು ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿತು. ಗದಗ ಜಿಲ್ಲೆಯ ಮಾಗಡಿ ಕೆರೆಯೂ ವಿಜಯನಗರ ಜಿಲ್ಲೆಯ ಅಂಕಸಮುದ್ರವೂ ೨೦೨೪ರಲ್ಲಿ ಅದೇ ಗೌರವವನ್ನು ಪಡೆದುವು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇಲೆ ಕೋವಿ ಹಿಡಿದು ಬಾತು ಹೊಡೆಯುವ ವಿನೋದಕ್ಕೆ ತಡೆ ಬಿದ್ದಿತು. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ವರಟೆಯು ತೀರ್ಥಗಳಲ್ಲಿ ಮಾತ್ರ ಬಾಳುವ ಸನ್ಯಾಸಿಯಲ್ಲ. ಊರೂರಿನ ಸಣ್ಣ ಕೆರೆಗಳಲ್ಲಿ ಬಾಳುವ ಸಂಸಾರಿ. ಆ ಕೆರೆಗಳಿಗೆ ಕಾವಲುಗಾರರಿಲ್ಲ. ಊರವರೇ ಕಾವಲು.

ಹುಲ್ಲು ಒಣಗಿತೆಂದು ಏರಿಗೆ ಬೆಂಕಿ ಹಾಕುವುದಾದರೆ ಮರಿಗಳ ಕಾಲ ಕಳೆಯುವವರೆಗೆ ತಡೆಯಬಹುದು. ಅಂತರಗಂಗೆ ಹಬ್ಬಿದರೆ ಮೊದಲ ವರ್ಷವೇ ಕಿತ್ತುಹಾಕಬಹುದು. ಬಚ್ಚಲ ನೀರನ್ನು ನೇರವಾಗಿ ಕೆರೆಗೆ ಬಿಡದೆ ಇರಬಹುದು. ಇವು ಹಕ್ಕಿಗಾಗಿ ಮಾಡುವ ತ್ಯಾಗಗಳಲ್ಲ. ಮನೆಯನ್ನು ಶುದ್ಧವಾಗಿಟ್ಟುಕೊಳ್ಳುವ ರೀತಿ.

ನಳನ ಕೈಗೆ ಸಿಕ್ಕಿದ ಹಂಸಕ್ಕೆ ಮಾತು ಬರುತ್ತಿತ್ತು. ತನ್ನ ಮನೆಯವರ ಕಷ್ಟವನ್ನು ಅದು ರಾಜನಿಗೆ ನಿವೇದಿಸಿಕೊಂಡಿತು, ರಾಜನು ಬಿಟ್ಟನು. ನಮ್ಮ ಕೆರೆಯ ವರಟೆಗೆ ಆ ಭಾಗ್ಯವಿಲ್ಲ. ಒಂದು ಕೆರೆಯ ಅಂಗಳ ಹೋದರೆ ಅದು ಸಭೆಗೆ ಬಂದು ದೂರುವುದಿಲ್ಲ, ಸಂಜೆಯಲ್ಲಿ ಒಂದು ಸಲ ಕೂಗಿ, ಮೇಲೆದ್ದು, ಬೇರೆ ನೀರನ್ನು ಹುಡುಕಿಕೊಂಡು ಹೊರಟುಹೋಗುವುದು. ಅದರ ಪರವಾಗಿ ಎರಡು ಮಾತನಾಡಲು ಊರಿಗೊಬ್ಬ ಮೇಷ್ಟರಿದ್ದರೆ ಒಳ್ಳೆಯದು. ಎಮ್ಮೆ ಸಾಕುವ ಮುದುಕಿಯೊಬ್ಬಳಿದ್ದರೆ ಇನ್ನೂ ಒಳ್ಳೆಯದು.